ಕಪೆಲದ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಭೀಮಿಬಾಯಿ

ಬೆಳಕು ಹರಿಯುವ ಮೊದಲೇ ಭೀಮಿಬಾಯಿ ವಿದ್ಯಾರ್ಥಿನಿಲಯದ ಹಿಂದಿನ ಕಪೆಲದ ಬಾಗಿಲು ತೆರೆಯುತ್ತಾರೆ. ಕ್ಯಾಥೊಲಿಕ್ ವಿದ್ಯಾರ್ಥಿಗಳಿಗೆಂದು ಕಟ್ಟಿದ ಪುಟ್ಟ ಪ್ರಾರ್ಥನಾ ಮಂದಿರವನ್ನು ಗೋವೆಯ ಜನ ಕರೆಯುವುದು ಹಾಗೆ. ಚಪ್ಪಲಿ ಹೊರಗೇ ಉಳಿಯುತ್ತದೆ. ಚಪ್ಪಲಿ ಬಿಡುವ ಅಗತ್ಯವಿಲ್ಲವೆಂದು ಹುಡುಗಿಯರು ಎಷ್ಟೋ ಸಲ ಹೇಳಿದ್ದುಂಟು. ಬೆಂಚುಗಳ ಧೂಳು ಒರೆಸುತ್ತಾರೆ. ಕೂರುವವರಿಲ್ಲದಿದ್ದರೂ ಧೂಳು ಬೀಳುತ್ತದೆ. ಬಲಿಪೀಠದ ಪಕ್ಕದ ಕೆಂಪು ಗಾಜಿನ ದೀಪದ ಬಳಿ ಬಂದಾಗ ಕೈ ನಿಲ್ಲುತ್ತದೆ. ದೀಪ ಆರಿದೆ.

"ಗಾಜು ತಿಕ್ಕತೇನ್ರಿ. ಎಣ್ಣಿ ಹಾಕಂಗಿಲ್ಲ. ಪಾದ್ರಿ ಬ್ಯಾಡ ಅಂದಾರ."

ಮುದ್ದೇಬಿಹಾಳ ಕಡೆಯ ಭೀಮಿಬಾಯಿ ಗಾರೆ ಕೆಲಸಕ್ಕೆಂದು ಗಂಡ ಕೇಶಪ್ಪನ ಜೊತೆ ಉಸಗಾಂವಕ್ಕೆ ಬಂದವರು. ಗುಡ್ಡದ ಮೇಲೆ ಈ ಖಾಸಗಿ ವಿಶ್ವವಿದ್ಯಾಲಯ ಏಳುವಾಗ ಇದೇ ವಿದ್ಯಾರ್ಥಿನಿಲಯಕ್ಕೆ ಕಾಂಕ್ರೀಟ್ ಹೊತ್ತರು. ಸ್ಲ್ಯಾಬಿನಿಂದ ಬಿದ್ದ ಕೇಶಪ್ಪನ ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಅಂದಿನಿಂದ ಗುತ್ತಿಗೆದಾರನ ಕೈಕೆಳಗೆ ದಿನಕ್ಕೆ ಮೂರು ಮಹಡಿಯ ಮೆಟ್ಟಿಲು, ಶೌಚಾಲಯ ತೊಳೆಯುವುದು ಇವರ ಪಾಲು. ಕಪೆಲ ಅದರಲ್ಲಿ ಸೇರಿರಲಿಲ್ಲ. ವಾರಕ್ಕೊಮ್ಮೆ ಬಲಿಪೂಜೆಗೆ ಬರುವ ಪಾದ್ರಿಯೇ ದೀಪದ ಎಣ್ಣೆಯನ್ನು ಇವರಿಗೆ ವಹಿಸಿದರು. ಬಲಿಪೀಠದ ಪೆಟ್ಟಿಗೆಯೊಳಗೆ ಪರಮಪ್ರಸಾದ, ಅಂದರೆ ಯೇಸುವಿನ ಶರೀರವೆಂದೇ ನಂಬುವ ರೊಟ್ಟಿ, ಇರುವವರೆಗೆ ದೀಪ ಆರಬಾರದು ಎಂಬುದಷ್ಟೇ ಇವರಿಗೆ ಗೊತ್ತಿತ್ತು.

ಆದ್ದರಿಂದಲೇ ಹೊಸದರಲ್ಲಿ ಒಂದು ಎಡವಟ್ಟಾಯಿತು. ಶುಭ ಶುಕ್ರವಾರ, ಯೇಸು ಸತ್ತ ದಿನ. ಹಿಂದಿನ ಸಂಜೆಯೇ ಪಾದ್ರಿ ಪರಮಪ್ರಸಾದವನ್ನು ಊರ ಇಗರ್ಜಿಗೆ ಒಯ್ದು, ಪೆಟ್ಟಿಗೆ ತೆರೆದಿಟ್ಟು, ದೀಪ ಆರಿಸಿ, ಶಿಲುಬೆಗೆ ಬಟ್ಟೆ ಹೊದಿಸಿದ್ದರು. ಆ ದಿನದ ಪದ್ಧತಿ ಅದು. ಮುಂಜಾನೆ ಬಂದ ಭೀಮಿಬಾಯಿ ಪೆಟ್ಟಿಗೆ ಮುಚ್ಚಿದರು, ಬಟ್ಟೆ ತೆಗೆದು ಮಡಿಚಿಟ್ಟರು, ಎಣ್ಣೆ ತುಂಬಿ ದೀಪ ಹಚ್ಚಿ, ಎದುರಿಗೆ ಎರಡು ದಾಸವಾಳವನ್ನೂ ಇಟ್ಟರು. ಶೋಕದ ಪ್ರಾರ್ಥನೆಗೆ ಬಂದ ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು. ಹಾಡುಗಳನ್ನು ಮುನ್ನಡೆಸುತ್ತಿದ್ದ ರಸಾಯನಶಾಸ್ತ್ರದ ವಿದ್ಯಾರ್ಥಿನಿ ಜೋವಿಟಾ ಬಾರೆಟೊ ದೀಪ ಆರಿಸಿ ಕೊಂಕಣಿಯಲ್ಲಿ ತಿಳಿಹೇಳಿದಳು: "ಆಜ್ ದೇವ್ ಘರಾ ನಾ, ಮಾವ್ಶಿ." ಇವತ್ತು ದೇವರು ಮನೆಯಲ್ಲಿಲ್ಲ, ಚಿಕ್ಕಮ್ಮ.

"ಹಂಗಾರ ಯಾವಾಗ ಬರ್ತಾನ ಅಂದೆ. ಶನಿವಾರ ರಾತ್ರಿ ಅಂದ್ಳು. ನಮ್ಮ ಗುತ್ತಿಗೆದಾರಗಿಂತ ಚಲೋ, ಬರೋ ದಿನಾನರ ಹೇಳಿ ಹೋಗ್ಯಾನ ಅಂದೆ. ಮತ್ತ ನಕ್ಕರು."

ಈ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಜೋವಿಟಾಳ ತಾಯಿ ಆಸ್ಪತ್ರೆಯಲ್ಲಿದ್ದರು. ಹುಡುಗಿಯರು ದಿನಾ ಸಂಜೆ ಮೊಣಕಾಲೂರಿ ಜಪಮಾಲೆ ಹೇಳಿದರು. ಕೆಲಸ ಮುಗಿದರೂ ಭೀಮಿಬಾಯಿ ಮನೆಗೆ ಹೋಗದೆ ಹಿಂದಿನ ಬೆಂಚಿನಲ್ಲಿ ಕೂತರು. ಈಸ್ಟರ್ ಕಳೆದ ವಾರದಲ್ಲಿ ತಾಯಿ ತೀರಿಕೊಂಡರು. ಮಣ್ಣು ಮುಗಿಸಿ ಮರಳಿದ ಜೋವಿಟಾ ಕಪೆಲಕ್ಕೆ ಬರಲಿಲ್ಲ. ಹಾಡು ನಿಂತಿತು. ಉಳಿದವರು ಪರೀಕ್ಷೆ, ಪ್ರಾಜೆಕ್ಟ್, ಭಾನುವಾರದ ವಿಶೇಷ ತರಗತಿ ಎಂದರು. ಖಾಲಿ ಬೆಂಚುಗಳ ಮುಂದೆ ಕೆಲವು ವಾರ ಬಲಿಪೂಜೆ ಅರ್ಪಿಸಿದ ಪಾದ್ರಿ ಮಳೆಗಾಲದಲ್ಲಿ ಪರಮಪ್ರಸಾದ ಒಯ್ದರು, ದೀಪ ಆರಿಸಿದರು. ಮುಂದಿನ ತಿಂಗಳಿಂದ ಕಪೆಲವೇ ಉದ್ಯೋಗ ಸಂದರ್ಶನಗಳ ಕೊಠಡಿ. ವಿದ್ಯಾರ್ಥಿಗಳಿಂದ ಆಕ್ಷೇಪ ಬಂದಿಲ್ಲ ಎನ್ನುತ್ತದೆ ಕಚೇರಿ. ಅದು ನಿಜ.

ಭೀಮಿಬಾಯಿಯ ಕೆಲಸಕ್ಕೆ ಇದರಿಂದ ಕುತ್ತಿಲ್ಲ. ಅವರು ಕ್ರೈಸ್ತರೂ ಅಲ್ಲ, ಮನೆದೇವರು ಯಲ್ಲಮ್ಮ. ಆದರೂ ಒಮ್ಮೆ ಜೋವಿಟಾಳನ್ನು ಮೆಟ್ಟಿಲಲ್ಲೇ ತಡೆದು, ನೀನು ಬಂದರೆ ಉಳಿದವರೂ ಬರುತ್ತಾರೆ, ಪಾದ್ರಿ ಮತ್ತೆ ದೀಪ ಹಚ್ಚುತ್ತಾರೆ ಎಂದು ಬೇಡಿಕೊಂಡರು. ಹುಡುಗಿ ಇವರ ಕೈಯ ಬಕೆಟ್ಟನ್ನೇ ನೋಡುತ್ತ ನಿಂತಳು. "ದೇವ್ ಘರಾ ನಾ, ಮಾವ್ಶಿ," ಎಂದು ಮೆಟ್ಟಿಲು ಹತ್ತಿ ಹೋದಳು.

"ಯಾವಾಗ ಬರ್ತಾನ ಅಂತ ಈ ಸಲ ನಾ ಕೇಳಲಿಲ್ರಿ."

ಎಣ್ಣೆಯ ಬಾಟಲಿ ಇನ್ನೂ ಕಪಾಟಿನಲ್ಲಿದೆ. ಹಚ್ಚಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದರೆ, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಾರೆ.

"ಅವತ್ತ ತಪ್ಪಿ ಹಚ್ಚಿದಾಗ ಎಲ್ಲಾರೂ ನಕ್ಕರ್ರಿ. ಈಗ ಹಚ್ಚಿದ್ರ, ನಗಾಕೂ ಒಬ್ರು ಬರಂಗಿಲ್ಲ."