ಒತ್ತಕ್ಷರವಿಲ್ಲದ ಅಕ್ಕ

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವನಿಗೆ ಸೂಜಿಮಾಮ ಎಂದೇ ಹೆಸರು. ಮಕ್ಕಳು ಇಟ್ಟದ್ದು ದೊಡ್ಡವರ ಬಾಯಲ್ಲೂ ನಿಂತುಬಿಟ್ಟಿತ್ತು. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಖಾಲಿ ಹೊಟ್ಟೆಯ ಜನ ಮುಖ ಗಂಟಿಕ್ಕಿಕೊಂಡು ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವನು ಒಬ್ಬೊಬ್ಬರನ್ನೇ ಪರದೆಯ ಒಳಗೆ ಕರೆದು, ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕುತ್ತ ಬಗ್ಗುತ್ತಿದ್ದ. ಆಗ ಅವನ ಮುಂಗೈ ಅವರ ಕಣ್ಣಿಗೆ ಬೀಳುತ್ತಿತ್ತು. ಅದರ ಮೇಲೆ ದಪ್ಪ ಹಸಿರು ಅಕ್ಷರದಲ್ಲಿ ‘ಅಕ’ ಎಂದು ಹಚ್ಚೆ.

ಹಾಗಂದರೇನು ಎಂದು ಕೇಳದವರೇ ಇಲ್ಲ. ಕೇಳಿದರೆ ಸಾಕು, ಅವನು ಕಥೆ ಶುರು ಮಾಡುತ್ತಿದ್ದ.

ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ತಂದೆ ಊರೂರು ತಿರುಗುವ ಲಾರಿ ಡ್ರೈವರ್. ಅಕ್ಕನೇ ಓದು ಬಿಟ್ಟು, ಬಾಡಿಗೆ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಕಂಡವರ ಮನೆಯ ಕಿಟಕಿ ಪರದೆಗಳನ್ನು ಹೊಲಿದು ತಮ್ಮನನ್ನು ಸಾಕಿದಳು. ಲ್ಯಾಬ್ ತರಬೇತಿಗೆ ಸೀಟು ಸಿಕ್ಕ ದಿನ ಅವನಿಗೆ ಅಕ್ಕನಿಗಾಗಿ ಏನಾದರೂ ಮಾಡಬೇಕೆನ್ನಿಸಿತು. ನೇರವಾಗಿ ಹಚ್ಚೆ ಅಂಗಡಿಗೆ ಹೋಗಿ ಕೈ ಚಾಚಿದ. ‘ಅ’ ಆಯಿತು, ‘ಕ’ ಆಯಿತು. ಒತ್ತಕ್ಷರಕ್ಕೆಂದು ಸೂಜಿ ಮತ್ತೆ ಹತ್ತಿರ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲು ಕವಿದು ಕುರ್ಚಿಯಿಂದ ದೊಪ್ಪನೆ ಬಿದ್ದ. ಅಂಗಡಿಯವರು ನೀರು ಚಿಮುಕಿಸಿ ಎಬ್ಬಿಸಿದ್ದೇ ತಡ, ಅಲ್ಲಿಂದ ಕಾಲ್ಕಿತ್ತ.

ಅಕ್ಕ ಕೈ ನೋಡಿ ಕೆಂಡವಾದಳು. ಇಂಥ ಕೈಗೆ ಇನ್ಯಾರು ಕೆಲಸ ಕೊಡುತ್ತಾರೆ ಎಂದು ಬೈದಳು. ಬೈದು ಸುಸ್ತಾದ ಮೇಲೆ ಊದಿದ ಜಾಗಕ್ಕೆ ಮುಲಾಮು ಹಚ್ಚುತ್ತ, “ಬರೆಸಿದ್ದೇ ಬರೆಸಿದೆ, ನೆಟ್ಟಗೆ ಬರೆಸೋಕೂ ಆಗ್ಲಿಲ್ವಾ?” ಎಂದಳು. ಹೋಗಿ ಒತ್ತು ಹಾಕಿಸಿಕೊಂಡು ಬರಲೇ ಎಂದು ಕೇಳಿದ್ದಕ್ಕೆ, ಕಾಲು ಮುರಿಯುತ್ತೇನೆ ಎಂದಳು.

ಸೂಜಿ ಕಂಡು ಬಿದ್ದವನೇ ಈಗ ಸೂಜಿ ಹಿಡಿದಿದ್ದಾನೆ ಎಂದು ತಿಳಿದಾಗ ಎಂಥ ಪುಕ್ಕಲರಿಗೂ ನಗು ಬರುತ್ತಿತ್ತು. ಅವರು ನಗುವ ಹೊತ್ತಿಗೆ ರಕ್ತ ತೆಗೆದು ಹತ್ತಿ ಅಂಟಿಸಿಯೂ ಆಗಿರುತ್ತಿತ್ತು.

ಹೀಗಿರುವಾಗ ಲ್ಯಾಬಿಗೆ ಹೊಸ ಮೇಲ್ವಿಚಾರಕಿ ಬಂದರು. ಕೆಟ್ಟವರೇನಲ್ಲ, ಎಲ್ಲ ಅಚ್ಚುಕಟ್ಟಾಗಿರಬೇಕು ಎನ್ನುವವರು. ಕೆಲಸಗಾರರ ಹಚ್ಚೆ ಜನರಿಗೆ ಕಾಣಬಾರದೆಂದು ಮಾಲೀಕರು ಅವರಿಗೆ ಹೇಳಿ ಕಳಿಸಿದ್ದರು. ತುಂಬುತೋಳಿನ ಅಂಗಿ ಹಾಕೋಣವೆಂದರೆ, ಮೊಣಕೈವರೆಗೆ ಕೈ ತೊಳೆಯಬೇಕೆನ್ನುವ ನಿಯಮ ಅಡ್ಡ ಬಂತು. ಕೊನೆಗೆ ಬ್ಯಾಂಡೇಜು ಸುತ್ತಿಕೊಳ್ಳಲು ಹೇಳಿದರು. ಅವನು ಎದುರಾಡಲಿಲ್ಲ. ಕೈ ತೊಳೆದಾಗಲೆಲ್ಲ ಒದ್ದೆಯಾದದ್ದನ್ನು ಬಿಚ್ಚಿ ಹೊಸದು ಸುತ್ತಿಕೊಂಡ. ಸಂಜೆ ಮನೆಗೆ ಹೊರಡುವಾಗ ಕಿತ್ತು ಬಿಸಾಡಿದ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ.

ಆದರೆ ಬ್ಯಾಂಡೇಜು ಕಂಡವರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಳ್ಳತೊಡಗಿದರು. ತನ್ನ ಕೈಗೇ ಚುಚ್ಚಿಕೊಂಡವನು ನಮ್ಮ ಗತಿ ಏನು ಮಾಡುತ್ತಾನೋ ಎಂದು ಒಬ್ಬರು ಹಿರಿಯರು ಎದ್ದೇ ಹೋದರು. ಅವನ ಬಾಯಿಯೂ ಕಟ್ಟಿಹೋಯಿತು. ತೋರಿಸಲು ಹಚ್ಚೆಯೇ ಇಲ್ಲದಾಗ ಕಥೆ ಎಲ್ಲಿಂದ ಶುರು ಮಾಡುವುದು?

ಅಕ್ಕ ಸಕ್ಕರೆ ಪರೀಕ್ಷೆಗೆ ಬಂದದ್ದು ಆಗಲೇ. ತಲೆ ನರೆತಿತ್ತು, ತಮ್ಮ ಮತ್ತು ಅವನ ಹೆಂಡತಿಯ ಜೊತೆಯಲ್ಲೇ ಇದ್ದಳು. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂಡಿಯಾದ ಮೇಲೆ ಮತ್ತೊಮ್ಮೆ ರಕ್ತ ಕೊಡಬೇಕಿತ್ತು. ಪರದೆ ಸರಿಸಿ ಒಳಗೆ ಬಂದವಳು ಬ್ಯಾಂಡೇಜು ನೋಡಿ ಬಿಳುಚಿಕೊಂಡಳು. ಏನೂ ಆಗಿಲ್ಲವೆಂದು ಅವನು ಮೆಲ್ಲಗೆ ವಿಷಯ ತಿಳಿಸಿದ. ಅವಳು ಮೊದಲ ಸಲದ ರಕ್ತ ಕೊಟ್ಟಳು, ಅವನ ಬ್ಯಾಂಡೇಜು ಬಿಚ್ಚಿ ಸುರುಳಿ ಸುತ್ತಿದಳು, ಅದನ್ನು ಹಿಡಿದು ಮೇಲ್ವಿಚಾರಕಿಯ ಕೋಣೆಗೆ ನಡೆದಳು. ತಮ್ಮ ಬೇಡ ಬೇಡವೆನ್ನುತ್ತ ಹಿಂದೆಯೇ ಹೋದ.

“ಮೇಡಂ, ಇವನ ಕೈ ಮೇಲಿರೋ ತಪ್ಪಕ್ಷರ ನಾನೇ,” ಎಂದಳು.

ಅವರು ತಬ್ಬಿಬ್ಬಾಗಿ ಕುರ್ಚಿ ತೋರಿಸಿದರು. ಹಚ್ಚೆ ಕಂಡ ಜನ ಏನೆಂದಾರೋ ಎಂಬ ಇದೇ ಭಯಕ್ಕೆ ಅಂದು ನಾನೂ ಬೈದಿದ್ದೆ, ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಅಕ್ಕ ಒಪ್ಪಿಕೊಂಡಳು.

“ಆದ್ರೆ ಗಾಯ ಇಲ್ಲದ ಕೈಗೆ ಬ್ಯಾಂಡೇಜು ಸುತ್ತೋದು ಸುಳ್ಳು ಹೇಳಿದ ಹಾಗಲ್ವಾ? ನನ್ನ ಮುಚ್ಚಿಡೋ ಅಂಥದ್ದು ನಾನೇನು ಮಾಡಿದ್ದೀನಿ ಹೇಳಿ.”

ಮೇಲ್ವಿಚಾರಕಿ, “ನೋಡ್ತೀನಮ್ಮ,” ಎಂದರು. ಅಕ್ಕ ತಿಂಡಿಗೆ ಹೋದಳು. ಮೇಲ್ವಿಚಾರಕಿ ನೋಡ್ತೀನಿ ಎಂದದ್ದು ಸಾಗಹಾಕುವ ಮಾತಾಗಿರಲಿಲ್ಲ. ಅವರು ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. ಬ್ಯಾಂಡೇಜಿಲ್ಲದೆ ಕೆಲಸ ಮಾಡಲು ಅವನಿಗೆ ಹೇಳಿ, ಒಳಗೆ ಹೋದವರು ನಗುತ್ತ ಹೊರಬರುವುದನ್ನು ನೋಡಿದರು. ಕಥೆಯೂ ಕಿವಿಗೆ ಬಿತ್ತು. ಆಮೇಲೆ ತಾವೇ ಮಾಲೀಕರಿಗೆ ಫೋನು ಮಾಡಿದರು. ಕೈ ಮೇಲೆ ಬರೆದಿರುವುದೇನು ಎಂದು ಅವರು ಕೇಳಿದಾಗ ಮೇಲ್ವಿಚಾರಕಿ ‘ಅಕ್ಕ’ ಎಂದರೇ ಹೊರತು ಒತ್ತಿಲ್ಲದ ವಿಷಯ ಎತ್ತಲಿಲ್ಲ. ಬೈಗುಳವಲ್ಲ, ಹೆದರಿಸುವ ಚಿತ್ರವಲ್ಲ ಎಂದಾದರೆ ಯಾರ ಹಚ್ಚೆಯನ್ನೂ ಮುಚ್ಚುವುದು ಬೇಡ ಎಂದರಂತೆ ಮಾಲೀಕರು.

ಅಕ್ಕ ತಿಂಡಿ ಮುಗಿಸಿ ಬಂದು ಪರದೆಯಾಚೆ ಕೂತಾಗ ತಮ್ಮ ಒಳಗೆ ಹಳೆಯ ಹುರುಪಿನಲ್ಲೇ ಕಥೆ ಹೇಳುತ್ತಿದ್ದ. ಅಕ್ಕ ಹೊಲಿಗೆಯ ಅಳತೆಕೋಲಿನಿಂದ ಬಾಸುಂಡೆ ಬರುವಂತೆ ಬಾರಿಸಿದಳು ಎಂಬಲ್ಲಿಗೆ ಬಂದಿದ್ದ.

“ಬರೀ ಬೈದಿದ್ದು ಕಣೋ, ಹೊಡೆದಿಲ್ಲ,” ಎಂದಳು ಅಕ್ಕ, ಕೂತಲ್ಲಿಂದಲೇ.

ಒಳಗಿದ್ದ ಹೆಂಗಸು ಗೊಳ್ಳೆಂದು ನಕ್ಕದ್ದು ಕೇಳಿಸಿತು. ಬೆಂಚಿನವರೂ ನಕ್ಕರು.

ಅಕ್ಕನ ಸರದಿ ಬಂದಾಗ ಅವಳು ಮುಖ ಆಚೆ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಅವನು ನವಿರಾಗಿ ಚುಚ್ಚಿ, ಹತ್ತಿ ಒತ್ತಿಹಿಡಿದು, ಆಯಿತು ಎಂದ.

“ಸಕ್ಕರೆ ಜಾಸ್ತಿ ಬಂದ್ರೆ ನಿನ್ನ ಹೆಂಡ್ತಿಗೆ ಹೇಳ್ಬೇಡ,” ಎಂದಳು ಅಕ್ಕ ಪಿಸುದನಿಯಲ್ಲಿ. “ನಾಳೆಯಿಂದಲೇ ಸಪ್ಪೆ ಟೀ ಕೊಡ್ತಾಳೆ.”