ತಪ್ಪು ಕಮಾನಿನದಲ್ಲ

ನಕ್ಷೆ ಬರೆಯುವವನೊಬ್ಬ ಮೂರು ವರ್ಷ ಒಂದೇ ಒಂದು ಬಾಗಿದ ಗೆರೆಯನ್ನೂ ಎಳೆಯಲಿಲ್ಲ ಎಂದರೆ, ಕೇಳಿದವರು ಅದರ ಹಿಂದೆ ಏನೋ ದೊಡ್ಡ ತತ್ವ ಇರಬೇಕು ಅಂದುಕೊಳ್ಳುತ್ತಾರೆ. ಈ ಮನುಷ್ಯನ ವಿಷಯದಲ್ಲಿ ತತ್ವ ಏನೂ ಇರಲಿಲ್ಲ, ಲ್ಯಾಪ್‌ಟಾಪ್ ಇತ್ತು.

ಮೇಸ್ತ್ರಿಗಳು ಅವನನ್ನು ಅಡಿಪಟ್ಟಿ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ. ಎದುರಿಗೆ ಸಾರ್. ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಕಚೇರಿ. ಅಲ್ಲೊಂದು ಮೇಜು, ಮೇಜಿನ ಮೇಲೆ ನಾಲ್ಕಾಗಿ ಮಡಚಿದ ದಪ್ಪ ಟವೆಲ್, ಟವೆಲ್ಲಿನ ಮೇಲೆ ಲ್ಯಾಪ್‌ಟಾಪ್. ಮೇಜು ಗಟ್ಟಿ, ಯಂತ್ರ ನಾಜೂಕು, ಅದಕ್ಕೆ ಏಟಾಗಬಾರದು ಎಂಬ ಕಾಳಜಿಯಿಂದ ಹಾಸಿದ ಟವೆಲ್ ಅದು. ಇಪ್ಪತ್ತು ವರ್ಷದಲ್ಲಿ ತನಗೆ ಅಷ್ಟು ಕಾಳಜಿ ಸಿಕ್ಕಿಲ್ಲ ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಲ್ಯಾಪ್‌ಟಾಪ್ ಕೈಕೊಡುವ ರೀತಿ ಪ್ರತಿ ಸಲವೂ ಒಂದೇ. ಕೆಲಸ ಮುಗಿಯುತ್ತ ಬಂದಿರುತ್ತದೆ. ಫ್ಯಾನು ಗೊರ್ ಎನ್ನುತ್ತದೆ. ಪರದೆಯ ಮೇಲೆ ಹಸಿರು ಪಟ್ಟೆ, ಗುಲಾಬಿ ಪಟ್ಟೆ ಮೂಡುತ್ತವೆ, ಅವುಗಳ ಹಿಂದೆ ಅಡುಗೆಮನೆ ಎರಡು ತುಂಡಾಗುತ್ತದೆ, ಆಮೇಲೆ ಎಲ್ಲ ಕಪ್ಪು. ಸೇವ್ ಮಾಡದ ಗೋಡೆಗಳೆಲ್ಲ ಗಾಳಿಪಾಲು.

ಮೊದಲು ಅವನಿಗೆ ಮಿಕ್ಸಿಯ ಮೇಲೆ ಗುಮಾನಿ ಬಂತು. ಹತ್ತರಿಂದ ಒಂದರವರೆಗೆ ಮನೆಯಲ್ಲಿ ಮಿಕ್ಸಿ ಹಾಕಕೂಡದು ಎಂದು ಆಜ್ಞೆಯಾಯಿತು. ಹೆಂಡತಿ ಒಂಬತ್ತಕ್ಕೇ ಎಲ್ಲ ರುಬ್ಬಿಟ್ಟಳು. ಯಂತ್ರ ಹನ್ನೊಂದೂವರೆಗೆ ಸತ್ತಿತು. ಆಮೇಲೆ ಮಗಳ ಪೆನ್‌ಡ್ರೈವ್. "ಅಪ್ಪ, ಅದು ಕಳೆದುಹೋಗಿ ಆರು ತಿಂಗಳಾಯ್ತು" ಎಂದಳು ಮಗಳು. ಹೀಗೆ ಮನೆಯವರನ್ನೆಲ್ಲ ಅನುಮಾನಿಸಿ ಮುಗಿದ ಮೇಲೆ ಅವನು ಒಂದು ನೋಟ್‌ಬುಕ್ ಇಟ್ಟ. ಮೂರು ಅಂಕಣ: ಶುರು ಮಾಡಿದ ಹೊತ್ತು, ನಿಂತ ಹೊತ್ತು, ನಿಂತಾಗ ಬರೆಯುತ್ತಿದ್ದದ್ದು.

ಹತ್ತು ಸಾಲು ತುಂಬುವಷ್ಟರಲ್ಲಿ ಕಳ್ಳ ಸಿಕ್ಕಿಬಿದ್ದ. ಮೂರನೆಯ ಅಂಕಣದಲ್ಲಿ ಒಂದರ ಕೆಳಗೊಂದು: ಕಮಾನು. ಬಾಗಿದ ಮೆಟ್ಟಿಲು. ಗುಂಡು ತೊಟ್ಟಿ. ಬಾಗಿಲು ಎತ್ತ ತೆರೆಯುತ್ತದೆಂದು ತೋರಿಸುವ ಕಾಲು ವೃತ್ತ. ಕಮಾನು. ಕಮಾನು. ನೇರ ಗೆರೆ ಎಳೆಯುವಾಗ ಒಂದು ಸಲವೂ ನಿಂತಿರಲಿಲ್ಲ. ಈ ಯಂತ್ರಕ್ಕೆ ಬಾಗು ಆಗಿಬರುವುದಿಲ್ಲ ಎಂದು ತೀರ್ಮಾನವಾಯಿತು.

ಇಲ್ಲಿ ಅವನ ಅಭ್ಯಾಸವೊಂದನ್ನು ಹೇಳಲೇಬೇಕು. ಅವನು ಕಸುಬು ಕಲಿತ ಕಚೇರಿಯಲ್ಲಿ ನಾಲ್ಕು ಜನಕ್ಕೆ ಒಂದೇ ಒಳ್ಳೆಯ ಕೈವಾರ ಇತ್ತು. ಸರದಿ ಬರುವವರೆಗೆ ನೇರ ಗೆರೆಗಳನ್ನೆಲ್ಲ ಮುಗಿಸಿಕೊಂಡು ಕಾಯಬೇಕು, ಬಾಗಿದ್ದೆಲ್ಲ ಕೊನೆಗೆ. ಆ ಕಚೇರಿ ಮುಚ್ಚಿತು, ಕೈವಾರ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಅಭ್ಯಾಸ ಮಾತ್ರ ಅವನ ಜೊತೆ ಬಂತು. ಇಂದಿಗೂ ಗೋಡೆ ಮೊದಲು, ಬಾಗು ಕೊನೆಗೆ.

ಅಂದಿನಿಂದ ಬಾಗು ಬಂದ್. ಕಮಾನು ಕೇಳಿದವರಿಗೆ "ಈಗ ಯಾರೂ ಅದನ್ನ ಇಡಿಸಲ್ಲ" ಎಂದ. ಬಾಗಿದ ಮೆಟ್ಟಿಲು ಕೇಳಿದವರಿಗೆ "ಮಕ್ಕಳು ಜಾರ್ತಾರೆ" ಎಂದ. ಬಾಗಿಲಿನ ಕಾಲು ವೃತ್ತದ ಬದಲು ಓರೆಗೆರೆ ಹಾಕಿದ. ಬಾಗು ಇಲ್ಲದ ನಕ್ಷೆ ಬೇಗ ಮುಗಿಯುತ್ತಿತ್ತು, ಯಂತ್ರವನ್ನೂ ಬೇಗ ಆರಿಸುತ್ತಿದ್ದ, ಹಾಗಾಗಿ ನಿಲ್ಲುವುದು ಹೆಚ್ಚುಕಡಿಮೆ ತಪ್ಪಿಯೇಹೋಯಿತು. ಅವನಿಗೆ ಇನ್ನೇನು ಸಾಕ್ಷಿ ಬೇಕು? ನೇರ ಗೆರೆಯಲ್ಲೂ ನಿಂತ ಎರಡು ಸಲಕ್ಕೆ ನೋಟ್‌ಬುಕ್ಕಿನಲ್ಲಿ "ಬಾಗು ಬರೆಯುವ ಯೋಚನೆ ಇತ್ತು" ಎಂದು ಬರೆದಿದ್ದಾನೆ. ಸುತ್ತಲಿನ ಬೀದಿಗಳಲ್ಲಿ ಹದಿನೇಳು ಮನೆಗಳು ಬೆಂಕಿಪೊಟ್ಟಣದ ಹಾಗೆ ಎದ್ದುನಿಂತವು. ಜನ ಅದನ್ನು ಅವನ ಶೈಲಿ ಎಂದರು, ಅವನೂ ಅಲ್ಲ ಎನ್ನಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹದಿನೆಂಟನೆಯ ಮನೆ ಅವನ ಅಕ್ಕನದು.

ಅಕ್ಕ ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ನಡುವೆ ದುಡಿದವಳು. ಅಲ್ಲಿ ಕಿಟಕಿ ಇರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಮೇಲಿನಿಂದ ಇಳಿದು ಬಂದವರ ಚಪ್ಪಲಿ ನೋಡಿ ತಿಳಿದುಕೊಳ್ಳುತ್ತಿದ್ದಳು. ನಿವೃತ್ತಿಯಾದ ಮೇಲೆ ಸ್ವಂತದ್ದೊಂದು ಚಿಕ್ಕ ಮನೆ ಕಟ್ಟಿಸಲು ಹೊರಟಾಗ ಅವಳು ತಮ್ಮನನ್ನು ಕೇಳಿದ್ದು ಒಂದೇ ಒಂದು. ಮುಂದಿನ ಕೋಣೆಯ ಗೋಡೆ ಬೀದಿಯ ಕಡೆಗೆ ಬಿಲ್ಲಿನ ಹಾಗೆ ಬಾಗಿ ಬರಬೇಕು, ಬಾಗಿನ ಉದ್ದಕ್ಕೂ ಕಿಟಕಿ, ಒಳಗೆ ಕೂರಲು ಕಟ್ಟೆ. ಅಲ್ಲಿ ಕೂತರೆ ಬೀದಿಯ ಎರಡೂ ತುದಿ ಕಾಣಬೇಕು.

"ಬಾಗಿದ ಗೋಡೆ ಭಾರ ಹೊರಲ್ಲ ಅಕ್ಕ" ಎಂದ ತಮ್ಮ. ಹೇಳುವಾಗ ಅವಳ ಮುಖ ನೋಡಲಿಲ್ಲ.

"ಹೌದಾ? ಸರಿ ಬಿಡು. ನೀನು ಹೇಳಿದ ಮೇಲೆ ಮುಗೀತು."

ಬೇರೆ ಯಾರೇ ಆಗಿದ್ದರೂ ಇನ್ನೊಂದು ಸಲ ಕೇಳುತ್ತಿದ್ದರು, ಇನ್ನೊಬ್ಬರ ಹತ್ತಿರ ವಿಚಾರಿಸುತ್ತಿದ್ದರು, ಕೊನೆಗೆ ಮುಖವನ್ನಾದರೂ ಊದಿಸಿಕೊಳ್ಳುತ್ತಿದ್ದರು. ಅವಳು ಅದೊಂದನ್ನೂ ಮಾಡಲಿಲ್ಲ. ಆ "ಮುಗೀತು" ಅವನ ಹೊಟ್ಟೆಯೊಳಗೆ ಏಳು ತಿಂಗಳು ಕೂತಿತ್ತು.

ಪಾಯ ತೋಡಿ ಆಯಿತು. ಬುಧವಾರ ಬೆಳಿಗ್ಗೆ ಕಾಂಕ್ರೀಟ್ ಎಂದು ಗೊತ್ತಾಯಿತು. ಕಾಂಕ್ರೀಟ್ ಬಿದ್ದ ಮೇಲೆ ಮುಂಗೋಡೆಯನ್ನು ಅಲ್ಲಾಡಿಸುವ ಮಾತೇ ಇಲ್ಲ. ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಫೋನ್ ಮಾಡಿ ಆ ಗೋಡೆಯ ಅಳತೆಯದೊಂದು ದೊಡ್ಡ ಹಾಳೆ ಕೇಳಿದ. ನೇರ ಗೋಡೆ, ನಾಲ್ಕು ಗೆರೆ. ಮೂರನೆಯ ಗೆರೆಗೇ ಹಸಿರು ಪಟ್ಟೆ, ಗುಲಾಬಿ ಪಟ್ಟೆ, ಕಪ್ಪು. ಎಷ್ಟು ಒತ್ತಿದರೂ ಮತ್ತೆ ಏಳಲಿಲ್ಲ. ಅಡಿಪಟ್ಟಿ ನೋಟ್‌ಬುಕ್ ತೆರೆದು, ಪೆನ್ನು ಹಿಡಿದು, ಮೂರನೆಯ ಅಂಕಣದಲ್ಲಿ ಏನು ಬರೆಯುವುದೆಂದು ಬಹಳ ಹೊತ್ತು ಕೂತ. ಯೋಚನೆಯಲ್ಲೂ ಬಾಗು ಇರಲಿಲ್ಲ.

ರಿಪೇರಿಗೆ ಕೊಟ್ಟರೆ ಫೈಲುಗಳೆಲ್ಲ ಹೋಗುತ್ತವೆ ಎಂದು ಯಾರೋ ಹೆದರಿಸಿದ್ದರಿಂದ ಅವನು ಅಲ್ಲಿಯವರೆಗೆ ಆ ಕಡೆ ತಲೆ ಹಾಕಿರಲಿಲ್ಲ. ಈಗ ಬೇರೆ ದಾರಿ ಇರಲಿಲ್ಲ. ಎರಡು ಬೀದಿ ಆಚೆ, ಬೀಗದ ಕೈ ಮಾಡುವವನ ಪಕ್ಕ, ಕನ್ನಡಕವನ್ನು ಹಣೆಗೇರಿಸಿಕೊಂಡ ಹೆಂಗಸೊಬ್ಬಳು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದಳು.

"ಮೇಡಂ, ಇವತ್ತು ನಾನು ಒಂದು ಬಾಗೂ ಬರೆದಿಲ್ಲ" ಎಂದ, ಪೊಲೀಸರ ಮುಂದೆ ನಿಂತವನ ಹಾಗೆ.

ಆಕೆ ಅವನನ್ನೊಮ್ಮೆ ನೋಡಿ, ಯಂತ್ರವನ್ನು ಬೋರಲು ಹಾಕಿ, ಕೆಳಗಿನ ಮುಚ್ಚಳ ಬಿಚ್ಚಿದಳು. ಗಾಳಿ ಕಿಂಡಿಯಲ್ಲಿ ಬಿಳಿ ನೂಲು ಉಂಡೆಗಟ್ಟಿತ್ತು.

"ಟವೆಲ್ ಮೇಲೆ ಇಡ್ತಿದ್ರಾ?"

"ಏಟಾಗ್ಬಾರ್ದು ಅಂತ."

"ಏಟಾಗಿಲ್ಲ. ಉಸಿರು ಕಟ್ಟಿದೆ ಅಷ್ಟೆ." ಚಿಮಟದಿಂದ ನೂಲು ತೆಗೆಯುತ್ತ ಹೇಳಿದಳು: "ಇದರಲ್ಲಿ ಚಿತ್ರ ತೋರಿಸೋಕೆ ಎರಡು ಇರುತ್ತೆ ಸಾರ್. ಒಂದು ದೊಡ್ಡದು, ಬೇರೆ ಚಿಪ್. ಇನ್ನೊಂದು ಚಿಕ್ಕದು, ಪ್ರೊಸೆಸರ್ ಒಳಗೇ ಇರುತ್ತೆ. ನಿಮ್ಮ ದೊಡ್ಡದು ಹಾಳಾಗಿದೆ. ಬಿಸಿ ಏರಿದ್ರೆ ಅದರ ಬೆಸುಗೆ ಬಿಡುತ್ತೆ, ಪಟ್ಟೆ ಬರುತ್ತೆ, ನಿಲ್ಲುತ್ತೆ. ಈಗ ಬಿಸಿ ಏರೋವರೆಗೂ ಕಾಯ್ತಿಲ್ಲ, ಅಷ್ಟು ಹಾಳಾಗಿದೆ. ಅದನ್ನ ಆಫ್ ಮಾಡಿ ಚಿಕ್ಕದರ ಮೇಲೆ ಓಡಿಸ್ತೀನಿ. ನಿಧಾನ ಆಗುತ್ತೆ, ನಿಲ್ಲಲ್ಲ."

"ಬಾಗು ಬರೆದ್ರೆ?"

"ಯಾವ ಬಾಗು?"

ಅವನು ನೋಟ್‌ಬುಕ್ ಮುಂದಿಟ್ಟ. ಆಕೆ ಮೂರನೆಯ ಅಂಕಣ ಓದಲೇ ಇಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಮೊದಲೆರಡು ಅಂಕಣಗಳ ಮೇಲೆ ಇಳಿಸುತ್ತ ಹೋದಳು. "ಹತ್ತಕ್ಕೆ ಶುರು, ಹನ್ನೊಂದೂವರೆಗೆ ನಿಂತಿದೆ. ಹತ್ತೂಕಾಲು, ಹನ್ನೊಂದೂಮುಕ್ಕಾಲು. ಎಲ್ಲಾ ಒಂದೂವರೆ ಗಂಟೆ. ಬಿಸಿಯಾಗೋಕೆ ಅಷ್ಟು ಹೊತ್ತು ಬೇಕು ಅದಕ್ಕೆ. ಆ ಹೊತ್ತಲ್ಲಿ ನೀವು ಬೆಕ್ಕು ಬರೆದಿದ್ರೂ ನಿಲ್ತಿತ್ತು. ಬಾಗು ಯಾವಾಗ ಬರೀತೀರಿ?"

"ಕೊನೆಗೆ."

"ಯಾಕೆ?"

"ನಾಲ್ಕು ಜನಕ್ಕೆ ಒಂದೇ ಕೈವಾರ ಇತ್ತು."

ಆಕೆ ನೋಟ್‌ಬುಕ್ ಮುಚ್ಚಿ ಅವನ ಕೈಗೆ ಕೊಟ್ಟಳು. ನೂಲೆಲ್ಲ ತೆಗೆದು, ಹೇಗೋ ಯಂತ್ರವನ್ನು ಎಬ್ಬಿಸಿ, ಸೆಟ್ಟಿಂಗಿಗೆ ಹೋಗಿ ದೊಡ್ಡ ಚಿಪ್ ಆಫ್ ಮಾಡಿದಳು. ಎರಡು ಗಂಟೆ ಹಾಗೇ ಓಡಲು ಬಿಟ್ಟು, "ಏನಾದ್ರೂ ಬರೆದು ನೋಡಿ" ಎಂದು ಅವನ ಕಡೆ ತಿರುಗಿಸಿದಳು. ಅವನು ಉಸಿರು ಬಿಗಿಹಿಡಿದು ಒಂದು ವೃತ್ತ ಎಳೆದ. ವೃತ್ತ ಸುಮ್ಮನೆ ಕೂತಿತ್ತು. ಅದರ ಪಕ್ಕ ಇನ್ನೊಂದು ಎಳೆದ, ಅದೂ ಕೂತಿತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಹದಿನೇಳು ಮನೆಯವರಿಗೆ ಹೇಳಿದ ಸುಳ್ಳಿಗೆ ಅಷ್ಟು ಬಿಸಿಯಾಗಿರಲಿಲ್ಲ. ಅಕ್ಕನಿಗೆ ಹೇಳಿದ್ದು ನೆನಪಾಗಿ ಆಯಿತು.

ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಅವನು ಸೀದಾ ಮನೆ ಕಟ್ಟುವ ಜಾಗಕ್ಕೆ ನಡೆದ. ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಕುರ್ಚಿ ಇದ್ದದ್ದು ಮುಂಗೋಡೆಯ ಪಾಯದಿಂದ ಆಚೆ, ಹೂಗಿಡಕ್ಕೆಂದು ಬಿಟ್ಟ ಅಗಲವಾದ ಜಾಗದಲ್ಲಿ.

"ಅಮ್ಮ ದಿನಾ ಅಲ್ಲೇ ಕೂರ್ತಾರೆ ಸಾರ್" ಎಂದ ಮೇಸ್ತ್ರಿ. "ಹಿಂದೆ ಮರದ ನೆರಳಿದೆ ಬನ್ನಿ ಅಂದ್ರೆ ಕೇಳಲ್ಲ."

ಅಡಿಪಟ್ಟಿಗೆ ಅಳತೆ ಹಿಡಿಯಲು ಪಟ್ಟಿ ಬೇಕಿರಲಿಲ್ಲ. ಬಿಲ್ಲಿನ ಗೋಡೆ ಬಂದಿದ್ದರೆ ಕೂರುವ ಕಟ್ಟೆ ಎಲ್ಲಿ ಬರುತ್ತಿತ್ತೋ ಕುರ್ಚಿ ಸರಿಯಾಗಿ ಅಲ್ಲೇ ಇತ್ತು.

"ಅಕ್ಕ, ಗೋಡೆ ಭಾರ ಹೊರುತ್ತೆ."

"ಯಾವ ಗೋಡೆ?"

"ಬಾಗಿದ್ದು. ನಾನು ಸುಳ್ಳು ಹೇಳಿದೆ. ಬಾಗು ಬರೆದ್ರೆ ಲ್ಯಾಪ್‌ಟಾಪ್ ನಿಂತುಹೋಗುತ್ತೆ ಅಂತ ಬರೀಲಿಲ್ಲ. ಅದೂ ಬಾಗಿನಿಂದ ಅಲ್ವಂತೆ. ಟವೆಲ್ಲಿಂದ."

ಅಕ್ಕ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡಳು. "ಏಳು ತಿಂಗಳಿಂದ ಆ ಕಿಟಕೀನ ಮನಸ್ಸಿಂದ ತೆಗೆಯೋಕೆ ಒದ್ದಾಡ್ತಿದ್ದೀನಿ ಕಣೋ" ಎಂದಳು. ಆಮೇಲೆ ಕೇಳಿದಳು: "ಆರನೇ ಕ್ಲಾಸಲ್ಲಿ ನಿನಗೊಂದು ಕೈವಾರ ತಂದುಕೊಟ್ಟಿದ್ದೆನಲ್ಲ, ಅದೂ ನಿಂತುಹೋಗ್ತಿತ್ತಾ?"

ಕಾಗದ, ಪೆನ್ಸಿಲು, ಕೈವಾರ ಎಂಬ ವಸ್ತುಗಳು ಲೋಕದಲ್ಲಿವೆ ಎಂಬುದು ಮೂರು ವರ್ಷದಲ್ಲಿ ಒಮ್ಮೆಯೂ ಅವನ ತಲೆಗೆ ಹೊಳೆದಿರಲಿಲ್ಲ.

"ತೋಡೋದಾದ್ರೆ ಈಗ್ಲೇ ಹೇಳಿ ಸಾರ್, ಬೆಳಿಗ್ಗೆ ಕಾಂಕ್ರೀಟ್ ಬರುತ್ತೆ" ಎಂದ ಮೇಸ್ತ್ರಿ. ಒಂದು ಗೂಟ, ಒಂದು ದಾರ, ಒಂದು ಬಾಣಲೆ ಸುಣ್ಣದ ಪುಡಿ ತಂದಿಟ್ಟ. ತಿದ್ದಿದ ನಕ್ಷೆಯನ್ನು ರಾತ್ರಿಯೊಳಗೆ ಬರೆದು, ಆಮೇಲೆ ಮಂಜೂರು ಮಾಡಿಸಿಕೊಳ್ಳುವ ತಲೆನೋವು ಅಡಿಪಟ್ಟಿಯದು. ಅದನ್ನು ಅವನು ಖುಷಿಯಿಂದಲೇ ಒಪ್ಪಿಕೊಂಡ.

ಕೋಣೆಯ ಒಳಬದಿಯಲ್ಲಿ ಗೂಟ ಊರಿದರು. ಅಲ್ಲಾಡದ ಹಾಗೆ ಅಕ್ಕ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿದುಕೊಂಡಳು. ದಾರದ ಇನ್ನೊಂದು ತುದಿ ಹಿಡಿದು ತಮ್ಮ ಸುಣ್ಣ ಚೆಲ್ಲುತ್ತ ನಡೆದ.

"ದಾರ ಸಡಿಲ ಬಿಡಬೇಡ" ಎಂದಳು ಅಕ್ಕ.

ಅವನು ಬಿಡಲಿಲ್ಲ. ಆದರೂ ಗೆರೆ ಒಂದು ಕಡೆ ಸ್ವಲ್ಪ ಉಬ್ಬಿತು. ಮೇಸ್ತ್ರಿ ನೋಡಿದ, ಕಾಲಲ್ಲಿ ಸರಿಮಾಡಿದ. ಅಕ್ಕ ಎದ್ದು, ಕೈ ಒರೆಸಿಕೊಂಡು, ಪಕ್ಕಕ್ಕೆ ಸರಿಸಿದ್ದ ಕುರ್ಚಿಯನ್ನು ಬಿಳಿ ಬಾಗಿನ ಒಳಗೆ ಎಳೆದು ಕೂತಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು.

"ಎರಡೂ ತುದಿ ಕಾಣುತ್ತೆ" ಎಂದಳು.

ಗೋಡೆಯೇ ಇಲ್ಲದ ಕಡೆ ಎಲ್ಲಿ ಕೂತರೂ ಕಾಣುತ್ತದೆ ಎಂದು ಹೇಳಲು ಮೇಸ್ತ್ರಿ ಬಾಯಿ ತೆರೆದ. ಅಡಿಪಟ್ಟಿ ಅವನ ಕಾಲು ತುಳಿದ.