ಸಿರಿಂಜಿನಲ್ಲಿದ್ದದ್ದು ನೀರು

ಸರೋಜಮ್ಮನವರ ಬೆನ್ನಿಗೆ ನಾನು ಚುಚ್ಚಿದ್ದು ಔಷಧಿಯಲ್ಲ — ಬರೀ ನೀರು. ಅವರ ನೋವು ಸುಳ್ಳೆಂದು ತೋರಿಸಲು ಬೇಕೆಂದೇ ಹಾಗೆ ಮಾಡಿದೆ.

ಎಂಬತ್ತರ ದಶಕದ ಕೊನೆ. ವಿಶಾಖಪಟ್ಟಣದಲ್ಲಿ ನಾನು ಅರಿವಳಿಕೆ ವಿಭಾಗದ ಪಿ.ಜಿ. ವಿದ್ಯಾರ್ಥಿ. ವಾರಕ್ಕೊಮ್ಮೆ ನಮ್ಮ ಮೇಡಂ ದೀರ್ಘಕಾಲದ ನೋವಿನ ರೋಗಿಗಳಿಗೆಂದೇ ಓಪಿ ನಡೆಸುತ್ತಿದ್ದರು. ಅಲ್ಲಿ ಅವರದೊಂದು ಕಟ್ಟುನಿಟ್ಟು: ಅರ್ಧ ಗಂಟೆ ರೋಗಿಯ ಎದುರು ಕೂತು, ನೋವನ್ನು ರೋಗಿಯ ಮಾತಿನಲ್ಲೇ ಬರೆದುಕೊಳ್ಳಬೇಕು, ಎಕ್ಸ್‌ರೇ ಆಮೇಲೆ. ಮೈಸೂರಿನಿಂದ ಚಿನ್ನದ ಪದಕ ಹೊತ್ತು ಬಂದಿದ್ದ ನನಗೆ ಇದು ಹರಟೆಯಾಗಿ ಕಂಡಿತ್ತು.

ಸರೋಜಮ್ಮ ಗದಗಿನ ಕಡೆಯವರು. ಗಂಡ ವಿಜಯವಾಡದಲ್ಲಿ ಬ್ಯಾಂಕ್ ಅಧಿಕಾರಿ. ಸರ್ಪಸುತ್ತು ವಾಸಿಯಾಗಿ ವರ್ಷವಾಗಿದ್ದರೂ ಸೆರಗು ತಾಕಿದರೆ ಬೆನ್ನು ಉರಿಯುತ್ತಿತ್ತು. ನಾನು ಕನ್ನಡದವನೆಂದು ಮೇಡಂ ಈ ರೋಗಿಯನ್ನು ನನಗೆ ವಹಿಸಿದರು. ನಾನು ಐದು ನಿಮಿಷವೂ ಕೂರಲಿಲ್ಲ — ಜೊತೆಯ ಮೂವರು ಪಿ.ಜಿ.ಗಳ ಮುಂದೆ ಜಾಣತನ ಮೆರೆಯಬೇಕಿತ್ತು. ಸರೋಜಮ್ಮನವರಿಗೆ ತಿಳಿಯದಿರಲೆಂದು ನರ್ಸಿಗೆ ತೆಲುಗಿನಲ್ಲಿ ಹೇಳಿದೆ: "ಮಂದು ವದ್ದು, ನೀಳ್ಳು ಚಾಲು." ಔಷಧಿ ಬೇಡ, ನೀರು ಸಾಕು.

ಚುಚ್ಚಿ ಹತ್ತು ನಿಮಿಷ ಬಿಟ್ಟು, ನೋವು ಹೇಗಿದೆಯೆಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ಆರಾಮ ಆತು, ತಮ್ಮಾ" ಎಂದರು. ನೀರಿಗೇ ಹೋದ ನೋವೆಂದು ಗೆಳೆಯರು ನಕ್ಕರು. ಅರ್ಧ ಗಂಟೆ ಕೇಳಿದ್ದೇನೆ, ನೋವು ಮಾನಸಿಕ — ಎಂದು ಕೇಸ್ ಶೀಟಿನಲ್ಲಿ ಬರೆದೆ. ಭಾಷೆ ಬಲ್ಲವನ ಮಾತೆಂದು ಮೇಡಂ ನಂಬಿದರು. ನರಕ್ಕೆ ಕೊಡಬೇಕಿದ್ದ ಇಂಜೆಕ್ಷನ್ ನಿಂತುಹೋಯಿತು; ಸರೋಜಮ್ಮ ನಿದ್ರೆ ಮಾತ್ರೆ ಹಿಡಿದು ವಿಜಯವಾಡದ ರೈಲು ಹತ್ತಿದರು.

ಆರು ವರ್ಷದ ಮೇಲೆ ನನಗೂ ವಿಜಯವಾಡದಲ್ಲೇ ಕೆಲಸವಾಯಿತು. ಅಲ್ಲಿನ ಪಟಮಟ ಬಡಾವಣೆಯಲ್ಲಿ ಕನ್ನಡದವರೊಬ್ಬರ ಮನೆಯ ನಾಮಕರಣದಲ್ಲಿ ಅವರನ್ನು ಕಂಡೆ. ಬೆನ್ನಿಗೆ ತಾಗದಂತೆ ಸೆರಗನ್ನು ಕೈಯಲ್ಲಿ ಹಿಡಿದುಕೊಂಡಿದ್ದರು — ಇನ್ನೂ. ತಡವರಿಸುತ್ತ ನೀರಿನ ವಿಷಯ ಹೇಳತೊಡಗಿದೆ.

"ಗೊತ್ತೈತಿ ತಗೋ," ಎಂದರು. "ಅಷ್ಟು ವರ್ಷ ಇಲ್ಲಿ ಕಾಯಿಪಲ್ಯೆ ಕೊಂಡಾಕಿ ನಾ, ನೀಳ್ಳು ಅಂದ್ರ ತಿಳಿಯಂಗಿಲ್ಲೇನು? ನಿನ್ನ ಜೋಡಿಯವರು ನಿಂತಿದ್ರು. ಆರಾಮಿಲ್ಲ ಅಂದಿದ್ರ ಅವರ ಮುಂದ ನಿನ್ನ ಮಾರಿ ಸಣ್ಣದಾಗ್ತಿತ್ತು."

ಉರಿಯುವ ಬೆನ್ನು, ಗೊತ್ತಿದ್ದೂ ಗೊತ್ತಿದ್ದೂ ಆಗುತ್ತಿರುವ ಮೋಸ — ಅದರ ನಡುವೆ ಆ ಮೋಸಗಾರನ ಮಾನ ಕಾಯಬೇಕೆಂದು ಅವರಿಗೆ ತೋರಿತಲ್ಲ! ಅದೆಷ್ಟು ದೊಡ್ಡ ಮನಸ್ಸಿರಬೇಕು... ಮರುದಿನವೇ ಆಸ್ಪತ್ರೆಗೆ ಕರೆಸಿಕೊಂಡು, ಅಂದು ನಿಂತುಹೋಗಿದ್ದ ಇಂಜೆಕ್ಷನ್ ಕೊಟ್ಟೆ. ತಡವಾಗಿತ್ತು; ನೋವು ಅರ್ಧವೂ ತಗ್ಗಲಿಲ್ಲ.

ಈಗ ಕಿರಿಯ ವೈದ್ಯರಿಗೆ ನೋವಿನ ಪಾಠ ಹೇಳುವವನು ನಾನೇ. ಪ್ರತಿ ಬ್ಯಾಚಿಗೂ ಈ ಕಥೆ ಹೇಳಿದ್ದೇನೆ — ನನ್ನ ಸಹಪಾಠಿಯೊಬ್ಬನದೆಂದು. "ಆ ಡಾಕ್ಟರ್ ಏನಾದ್ರು ಸಾರ್?" ಎಂದು ಯಾರಾದರೂ ಕೇಳಿದರೆ, "ವೃತ್ತಿ ಬಿಟ್ಟುಹೋದ" ಎನ್ನುತ್ತಿದ್ದೆ.

ಬಿಟ್ಟುಹೋಗಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವನದೇ ಕ್ಲಾಸು. ಅವನು ನಾನೆಂದು ಹೇಳಿಯೇ ಶುರು ಮಾಡುತ್ತೇನೆ.